ಎರಡು ಡ್ರೈವ್‌ಗಳು ಕಾಣೆಯಾದ ವಾರ

ಕಂಪ್ಯೂಟರಿನ ಮೇಲೆ ಕೈ ಮಾಡಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ನೀವೇ ಹೇಳಿ, ಕಣ್ಣೆದುರಿಗೆ ನಿಂತಿರುವ ಮನುಷ್ಯನನ್ನು ಇಟ್ಟುಕೊಂಡು ಯಾರಾದರೂ "ಇಲ್ಲಿ ಯಾರೂ ಇಲ್ಲವಲ್ಲ" ಎಂದರೆ ನಿಮಗೆ ಹೇಗಾಗುತ್ತದೆ? ನಮ್ಮ ಮನೆಯ ಹಳೇ ಕಂಪ್ಯೂಟರು ಮಾಡಿದ್ದು ಅದನ್ನೇ. ಅದರ ಡಬ್ಬದಲ್ಲಿ ಮೇಲೊಂದು ಕೆಳಗೊಂದು, ಎರಡು ಸಿ.ಡಿ. ಡ್ರೈವ್‌ಗಳಿವೆ. ಗುಂಡಿ ಒತ್ತಿದರೆ ಎರಡೂ ತಟ್ಟೆಯನ್ನು ಹೊರಗೆ ಚಾಚುತ್ತವೆ. ಸಿ.ಡಿ. ಇಟ್ಟರೆ ಒಳಗೆ ಎಳೆದುಕೊಳ್ಳುತ್ತವೆ. ಹಸಿರು ದೀಪವೂ ಮಿಣಮಿಣ ಅನ್ನುತ್ತದೆ. ಪರದೆಯ ಮೇಲೆ ಮಾತ್ರ ಅವುಗಳ ಸುಳಿವೇ ಇಲ್ಲ. ಅಂಥ ಸಾಮಾನು ಈ ಮನೆಯಲ್ಲಿ ಯಾವತ್ತೂ ಇರಲೇ ಇಲ್ಲವೆಂಬಂತೆ ಆ ಪರದೆ ನನ್ನನ್ನು ನೋಡುತ್ತಿತ್ತು. ನಾನು ಡಬ್ಬದ ನೆತ್ತಿಗೆ ಒಂದು ಬಿಟ್ಟೆ. ಅಂಗೈ ಉರಿಯಿತು. ಅದಕ್ಕೇನೂ ಆಗಲಿಲ್ಲ.

ಕೋಪ ನಮ್ಮ ವಂಶದ ಆಸ್ತಿ. ಹೊನ್ನೂರಿನ ಗದ್ದೆ, ತೆಂಗಿನ ಮರ ಎಲ್ಲವೂ ಭಾಗವಾಗಿ ಒಬ್ಬೊಬ್ಬರಿಗೆ ಚೂರುಪಾರು ಸಿಕ್ಕಿದವು. ಭಾಗವಾಗದೆ ಎಲ್ಲರಿಗೂ ಇಡಿಯಾಗಿ ಸಿಕ್ಕಿದ್ದು ಕೋಪ ಒಂದೇ. ನಮ್ಮಪ್ಪ ರೇಡಿಯೊ ಗೊರಗೊರ ಅಂದರೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕಬ್ಬಿನ ಗದ್ದೆಯ ಬದುವಿಗೆ ಹೋಗಿ, "ಕಾಲ್ವೆಗೆ ಎಸ್ದ್‌ಬುಡ್ತೀನಿ ನೋಡು" ಎಂದು ಬೆದರಿಸುತ್ತಿದ್ದ. ಬಯಲಿಗೆ ಹೋದ ಮೇಲೆ ಅದು ಚೆನ್ನಾಗಿ ಕೇಳಿಸುತ್ತಿತ್ತು. ತನ್ನ ಬೆದರಿಕೆಗೆ ರೇಡಿಯೊ ಹೆದರಿತು ಎಂದೇ ಅಪ್ಪನ ನಂಬಿಕೆ. ನಮ್ಮಜ್ಜಿ ಹಸಿ ಸೌದೆಯನ್ನು ಬೈಯುತ್ತಿದ್ದಳು, ಹೆಸರು ಹಿಡಿದು ಬೈದಂತೆ, ಅದರ ತಾಯಿಮರವನ್ನೂ ಸೇರಿಸಿ. ಹೀಗಿರುವಾಗ ಕೊಳ್ಳೇಗಾಲದ ಒಂದು ಆಫೀಸಿನಲ್ಲಿ ಗುಮಾಸ್ತೆಯಾಗಿರುವ ನಾನು ಕಂಪ್ಯೂಟರಿಗೆ ಒಂದು ಏಟು ಹಾಕಿದ್ದರಲ್ಲಿ ಅಂಥಾ ಆಶ್ಚರ್ಯವೇನಿಲ್ಲ.

ಆದರೆ ಕೋಪದಲ್ಲಿ ನಮ್ಮೆಲ್ಲರನ್ನೂ ಮೀರಿಸಿದವಳು ಚಿಕ್ಕತಾಯಮ್ಮ. ಅಪ್ಪನ ತಂಗಿ, ನನ್ನ ಸೋದರತ್ತೆ. ಊರಲ್ಲೇ ಕೊಟ್ಟಿದ್ದರಿಂದ ನಮ್ಮ ಬಾಲ್ಯವೆಲ್ಲ ಅವಳ ಸೆರಗಿನಲ್ಲೇ ಕಳೆಯಿತು. ಅತ್ತೆ ಸೋಬಾನೆ ಹಾಡುವವಳು. ಸುತ್ತಲ ಊರುಗಳಲ್ಲಿ ಮದುವೆಯೆಂದರೆ ಎಲೆ ಅಡಿಕೆ ಕೊಟ್ಟು ಅವಳನ್ನು ಕರೆಯುತ್ತಿದ್ದರು. ನಾನು ಬೆನ್ನು ಹತ್ತಿ ಹೋಗುತ್ತಿದ್ದೆ. ಅವಳು ಹಾಡುವಾಗ ಅವಳ ಹೊಟ್ಟೆಗೆ ಕಿವಿ ಒತ್ತಿಕೊಂಡು ಮಲಗಿದರೆ, ಹಾಡು ಗಂಟಲಿಗೆ ಬರುವ ಮುಂಚೆ ನನಗೆ ಕೇಳಿಸುತ್ತಿತ್ತು. ಒಂದು ಮದುವೆಯಲ್ಲಿ ಅವಳು ಹಾಡುತ್ತಿರುವಾಗಲೇ ಮೈಕ್‌ಸೆಟ್‌ನವನು ಸಿನಿಮಾ ಹಾಡು ಹಾಕಿಬಿಟ್ಟ. ಅತ್ತೆ ಅರ್ಧಕ್ಕೇ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ರಟ್ಟೆ ಹಿಡಿದು, ಗದ್ದೆ ಬದುವಿನ ಮೇಲೆ ನಡೆದೇಬಿಟ್ಟಳು. ಗಂಡಿನ ತಂದೆ ಎಲೆ ಅಡಿಕೆ ಹಿಡಿದುಕೊಂಡು ಅರ್ಧ ಮೈಲಿ ಹಿಂದೆ ಓಡಿಬಂದರು.

"ಬಾಯವ್ವ, ತಪ್ಪಾಯ್ತು ಕನವ್ವ."

"ತಪ್ಪಾಗಿದ್ದು ನಿಮ್ಗಲ್ಲ, ಆ ಪೆಟ್ಗೆಗೆ. ಅದ್ರ ಬಾಯ್ ಕಟ್ಟಿ, ಬತ್ತೀನಿ" ಎಂದಳು ಅತ್ತೆ.

ಪೆಟ್ಟಿಗೆಯ ಬಾಯಿ ಕಟ್ಟಿದ ಮೇಲೆಯೇ ಹಿಂದಿರುಗಿದ್ದು.

ಮೂರು ವರ್ಷದ ಹಿಂದೆ ಆ ಗಂಟಲಿಗೆ ಹುಣ್ಣಾಯಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅತ್ತೆ ಉಸಿರಾಡುವುದು ಕತ್ತಿನ ಕೆಳಗಿನ ಒಂದು ಸಣ್ಣ ತೂತಿನಿಂದ. ಅದರ ಮೇಲೆ ಬಿಳೀ ಬಟ್ಟೆಯ ತುಂಡೊಂದನ್ನು ಕಟ್ಟಿಕೊಂಡಿರುತ್ತಾಳೆ. ಜೀವ ಉಳಿಯಿತು, ದನಿ ಹೋಯಿತು. ಓದುಬರಹ ಬಾರದವಳಾದ್ದರಿಂದ ಬರೆದು ತೋರಿಸುವ ಹಾಗೂ ಇಲ್ಲ. ಕೈಸನ್ನೆ, ಕಣ್ಸನ್ನೆ, ಸಿಟ್ಟು ಬಂದರೆ ಚಪ್ಪಾಳೆ. ಇದರಲ್ಲಿ ನನಗೆ ಮೈ ಉರಿಯುವ ಸಂಗತಿಯೊಂದಿದೆ. ಜನ ಅವಳ ಹತ್ತಿರ ಕಿರುಚಿ ಮಾತಾಡುತ್ತಾರೆ. ಹೋದದ್ದು ಗಂಟಲು ಮಾರಾಯರೇ, ಕಿವಿಯಲ್ಲ! ಅವಳ ಹೊಟ್ಟೆಯಲ್ಲಿ ಹುಟ್ಟಿದ ಬಸವರಾಜುವೇ "ಅವ್ವಾ, ಊಟ ಮಾಡ್ದಾ?" ಎಂದು ಆಚೆ ಊರಿಗೆ ಕೇಳುವಂತೆ ಕೂಗುತ್ತಾನೆ.

ಆ ಭಾನುವಾರ ಬೆಳಿಗ್ಗೆ ಅತ್ತೆ ಹೊನ್ನೂರಿನಿಂದ ಆಟೋ ಹತ್ತಿ ಯಳಂದೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಒಬ್ಬಳೇ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದವಳೇ ಮೊದಲು ತನ್ನ ಗಂಟಲು ಮುಟ್ಟಿಕೊಂಡಳು. ಆಮೇಲೆ ಮೂಲೆಯ ಕಂಪ್ಯೂಟರ್ ತೋರಿಸಿದಳು. ಕೊನೆಗೆ ಕತ್ತಿನ ಸುತ್ತ ತಾಳಿ ಕಟ್ಟುವಂತೆ ಸನ್ನೆ ಮಾಡಿದಳು. ಮೂರೂ ಸೇರಿಸಿ ಅರ್ಥ ಮಾಡಿಕೊಳ್ಳಲು ನನಗೆ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಬೇಕಾಯಿತು. ಬಸವರಾಜುವಿನ ಮಗಳು ಸವಿತಾಳ ಮದುವೆ ಮುಂದಿನ ಭಾನುವಾರ ಹೊನ್ನೂರಿನ ಸಮುದಾಯ ಭವನದಲ್ಲಿ. ಗಂಡು ಹನೂರಿನ ಕಡೆಯ ಬಂಡಳ್ಳಿಯವನು. ಮೊಮ್ಮಗಳ ಮದುವೆಯಲ್ಲಿ ಅತ್ತೆಗೆ ತನ್ನ ದನಿ ಬೇಕಾಗಿತ್ತು.

ಆ ದನಿ ನನ್ನ ಹತ್ತಿರ ಇತ್ತು. ನನ್ನ ತಂಗಿ ಮಂಜುಳಾಳ ಮದುವೆಗೆ ವಿಡಿಯೊ ತೆಗೆದವರು ಧನಗೆರೆಯ ರಾಚಪ್ಪ. ಆಗ ಅವರದು ಕೊಳ್ಳೇಗಾಲದಲ್ಲಿ ಸ್ಟುಡಿಯೊ. ಎಲ್ಲರ ಮದುವೆ ವಿಡಿಯೊದಂತೆ ಅದರಲ್ಲೂ ಅತ್ತೆಯ ಹಾಡನ್ನು ತೆಗೆದು ಸಿನಿಮಾ ಹಾಡು ತುಂಬಿಸಿದ್ದರು. ತುಂಬಿಸಿ ಎಂದು ಹೇಳಿದವರು ನಾವೇ. ಆದರೆ ರಾಚಪ್ಪನವರು ಹಾಡುಗಳನ್ನಷ್ಟೇ ಬೇರೆಯಾಗಿ ಒಂದು ಸಿ.ಡಿ.ಗೆ ಹಾಕಿ, "ಇದು ಇರ್ಲಿ ಅಕ್ಕಾ, ಎಸೀಬ್ಯಾಡಿ" ಎಂದು ಅತ್ತೆಯ ಎದುರಿಗೇ ಕೊಟ್ಟಿದ್ದರು. ಎಸೆದಿರಲಿಲ್ಲ. ಕೇಳಿಯೂ ಇರಲಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ ಹಾಗೇ ಇತ್ತು.

ಸಿ.ಡಿ. ಹಾಕಿದೆ. ಮುಂದಿನದು ನಿಮಗೆ ಗೊತ್ತೇ ಇದೆ.

ಆಫ್ ಮಾಡಿ ಆನ್ ಮಾಡಿದೆ. ಮೇಲಿನ ಡ್ರೈವ್ ಬಿಟ್ಟು ಕೆಳಗಿನದಕ್ಕೆ ಹಾಕಿದೆ. ಸಿ.ಡಿ.ಯನ್ನು ಸೀರೆ ಸೆರಗಿನಿಂದ ಒರೆಸಿದೆ. ಎಲ್ಲೋ ಒಳಗೆ ಅಡಗಿದ್ದ ಯಂತ್ರಗಳ ಪಟ್ಟಿ ತೆಗೆದು ನೋಡಿದರೆ ಅಲ್ಲಿ ಮಾತ್ರ ಎರಡೂ ಡ್ರೈವ್‌ಗಳ ಹೆಸರಿತ್ತು, ಪಕ್ಕದಲ್ಲಿ ಹಳದಿ ಬಣ್ಣದ ಎಚ್ಚರಿಕೆಯ ಗುರುತು. ಏನು ಎಚ್ಚರಿಕೆ, ಯಾರಿಗೆ ಎಚ್ಚರಿಕೆ? ಪಕ್ಕದ ಮನೆಯವರ ಹಳೇ ಡಿ.ವಿ.ಡಿ. ಪ್ಲೇಯರ್ ತಂದು ಹಾಕಿದರೆ, ಈ ಹಾಡುಗಳು ಕಂಪ್ಯೂಟರಿನವು, ನನಗೆ ಬಾರದು ಎಂದು ಅದು ಉಗುಳಿತು. ನಮ್ಮ ಆಫೀಸಿನ ಹೊಸ ಕಂಪ್ಯೂಟರುಗಳಿಗೆ ಡ್ರೈವ್ ಇರುವ ಜಾಗವೇ ಇಲ್ಲ, ಮುಖವೆಲ್ಲ ಸಪಾಟು. ನನ್ನ ಯಜಮಾನರು ಹನೂರಿನ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಶಾಂತಮೂರ್ತಿ. ಕನ್ನಡಕದ ಮೇಲಿಂದ ನೋಡಿ, "ಎರಡು ದಿನ ಏನೂ ಮಾಡದೆ ಹಾಗೇ ಬಿಡು, ತಾನೇ ಸರಿಹೋಗ್ತದೆ" ಎಂದರು. ಹೊಟ್ಟೆ ಉಬ್ಬರಿಸಿದ ಹಸುವಿಗೆ ಹೇಳುವುದನ್ನು ಕಂಪ್ಯೂಟರಿಗೆ ಹೇಳುವ ಮನುಷ್ಯನ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ. ಕೋಪಕ್ಕೆ ಇನ್ನೇನು ಕಾರಣ ಬೇಕು?

ಅತ್ತೆ ಮಾತ್ರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದಳು. ಅವಳಿಗೆ ಹೇಗೆ ಹೇಳಲಿ? ನಾನೂ ಎಲ್ಲರಂತೆ ಅವಳತ್ತ ಬಗ್ಗಿ, "ಅತ್ತೇ, ಕೆಟ್ಟೋಗದೆ!" ಎಂದು ಕಿರುಚಿಬಿಟ್ಟೆ. ಅವಳು ತನ್ನ ಕಿವಿಯನ್ನು ಹಿಡಿದು ತೋರಿಸಿ, ಪಟಾರನೆ ಚಪ್ಪಾಳೆ ತಟ್ಟಿದಳು. ನಾಚಿಕೆಯಾಯಿತು. ಆ ನಾಚಿಕೆಯನ್ನೂ ಕಂಪ್ಯೂಟರಿನ ಲೆಕ್ಕಕ್ಕೇ ಹಾಕಿದೆ.

ಸೋಮವಾರ ರಜೆ ಬರೆದು ಡಬ್ಬವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಬಿಚ್ಚಿ, ಧೂಳು ಊದಿ, ಒಂದು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, ಎರಡು ನಿಮಿಷದಲ್ಲಿ ತೀರ್ಪು ಕೊಟ್ಟ.

"ಎರಡೂ ಸತ್ತೋಗವೆ ಮೇಡಂ."

"ಬಾಯಿ ತಗೀತವಲ್ಲಪ್ಪ? ದೀಪ ಉರೀತದಲ್ಲ?"

"ಅದು ಹಂಗೇಯ. ಈಗ್ಯಾರ್ ಮೇಡಂ ಸಿ.ಡಿ. ಮಡಿಕೊಂಡವ್ರೆ? ಎಸ್ದು ಹೊಸ ಕಂಪ್ಯೂಟರ್ ತಕಳಿ."

"ಹೊಸದ್ರಲ್ಲಿ ಈ ಸಿ.ಡಿ. ಹಾಡ್ತದಾ?"

"ಹೊಸದ್ರಲ್ಲಿ ಡ್ರೈವೇ ಬರಲ್ವಲ್ಲಾ!"

"ಬೇರೆ ಡ್ರೈವ್ ಇದ್ರೆ ಹಾಕಿಕೊಡಿ."

"ನಮ್ಮಂಗ್ಡೀಲಿ ಆ ಸಾಮಾನ್ ನೋಡಿ ಏಸೋ ವರ್ಸ ಆಯ್ತು. ತರುಸ್ಬೇಕು. ಹತ್ತು ದಿನ ಆಯ್ತದೆ."

ಮದುವೆಗೆ ಆರು ದಿನ. ಅವನು ನನ್ನ ಕಡೆ ನೋಡದೆ ಮೊಬೈಲ್ ಉಜ್ಜುತ್ತ, "ಸೋಬಾನೆ ತಾನೆ? ಮೊಬೈಲ್ನಲ್ಲಿ ಬೇಕಾದಷ್ಟವೆ, ಯಾವ್ದಾರ ಒಂದ ಹಾಕುಸ್ಬುಡಿ" ಎಂದ. ಯಾವುದಾದರೂ ಒಂದಂತೆ! ಅವನ ಮೇಜಿನ ಮೇಲೆ ಏನಾದರೂ ಎತ್ತಿ ಎಸೆಯುವಂಥದ್ದು ಇದೆಯೇ ಎಂದು ಕಣ್ಣಾಡಿಸಿದೆ. ನನ್ನ ಕಂಪ್ಯೂಟರೇ ಇತ್ತು. ಅದನ್ನೇ ಎತ್ತಿಕೊಂಡು ಬಂದೆ. ಮನೆಗೆ ಬಂದರೆ ಬಸವರಾಜುವಿನ ಫೋನು: "ಅಕ್ಕಾ, ಅವ್ವನ್ಗೆ ಸುಮ್ಕೆ ಆಸೆ ತೋರುಸ್ಬ್ಯಾಡ. ಗಂಡ್ನೋರು ಡಿಜೆ ತತ್ತಾವ್ರೆ."

ಮಂಗಳವಾರ ಧನಗೆರೆಗೆ ಹೋದದ್ದು, ನಿಜ ಹೇಳಬೇಕೆಂದರೆ, ಜಗಳವಾಡುವುದಕ್ಕೆ. ಏಕೆಂದರೆ ಆ ಕಂಪ್ಯೂಟರೂ ರಾಚಪ್ಪನವರದೇ. ಸ್ಟುಡಿಯೊ ಮುಚ್ಚಿದಾಗ ನಮಗೆ ಮಾರಿದ್ದರು. ಒಂದರಿಂದ ಇನ್ನೊಂದಕ್ಕೆ ಸಿ.ಡಿ. ನಕಲು ಮಾಡಲೆಂದೇ ಅದಕ್ಕೆ ಎರಡು ಡ್ರೈವ್. ಈಗ ಅವರು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ನಾನು ಹುಳುಮನೆಯ ಬಾಗಿಲಿಗೆ ಹೋಗಿ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಕೂಗು ಬಂತು.

"ಅಲ್ಲೇ ನಿಂತ್ಕಳಿ ಅಕ್ಕಾ! ಪೌಡ್ರು ಆಕಂಡಿದ್ದೀರಾ? ಒಳೀಕ್ ಬರ್ಬ್ಯಾಡಿ, ಉಳ ಸತ್ತೋಯ್ತವೆ."

ಜಗಳಕ್ಕೆಂದು ಬಂದವಳು ಅವರ ಮನೆಯ ಬಚ್ಚಲಲ್ಲಿ ಮುಖ ತೊಳೆದು, ಕೈ ತೊಳೆದು, ಹೊರಗೆ ಕಲ್ಲಿನ ಮೇಲೆ ಕೂತೆ. ಹುಳುಗಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ಕೊನೆಯ ಮೇವು. ಆಗ ಅವಕ್ಕೆ ಹಸಿವೋ ಹಸಿವು. ಸೊಪ್ಪು ಹಾಕುವುದು ಮುಗಿಯುವವರೆಗೆ ಮಾಲೀಕ ಅಲುಗುವಂತಿಲ್ಲ. ಅಷ್ಟು ಹೊತ್ತಿಗೆ ಒಳಗಿದ್ದ ಬೈಗುಳಗಳೆಲ್ಲ ಆರಿಹೋದವು. ರಾಚಪ್ಪನವರು ಹೊರಬಂದು ಎಲ್ಲವನ್ನೂ ಕೇಳಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಎರ್ಡೂ ಒಂದೇ ದಿನ ಸಾಯಕ್ಕೆ ಅವೇನ್ ಒಂದೇ ಬಸ್ಸಲ್ಲಿ ಓಯ್ತಿದ್ವಾ ಅಕ್ಕಾ? ಕರೆಂಟ್ ಬತ್ತಾದೆ, ಅದ್ಕೇ ಬಾಯ್ ತಗೀತವೆ. ಕೆಟ್ಟಿರೋದು ಡ್ರೈವಲ್ಲ. ನೀವೇನಾರ ತಗುದ್ರಾ ಅದ್ರಿಂದ?"

"ನಾನೇನ್ ತೆಗೀಲಿ?"

"ಸಿ.ಡಿ. ನಕಲು ಮಾಡೋ ಸಾಫ್ಟ್‌ವೇರ್ ಆಕಿದ್ದೆ ನಾನು. ಅದದಾ?"

ಅದು ಇರಲಿಲ್ಲ. ಎರಡು ವಾರದ ಕೆಳಗೆ ನಾನೇ ಕಿತ್ತುಹಾಕಿದ್ದೆ. ಕಂಪ್ಯೂಟರ್ ತೆರೆದಾಗಲೆಲ್ಲ ಎದುರಿಗೆ ಹಾರಿ ಬಂದು, ನನ್ನನ್ನು ನವೀಕರಿಸು ನವೀಕರಿಸು ಎಂದು ಪೀಡಿಸುತ್ತಿತ್ತು. ಒಂದು ದಿನ ರೇಗಿ ಬುಡಸಮೇತ ಅಳಿಸಿ, ಗೆದ್ದವಳಂತೆ ಚಹಾ ಕುಡಿದಿದ್ದೆ.

ಬುಧವಾರ ಮಧ್ಯಾಹ್ನದ ಸೊಪ್ಪು ಹಾಕಿ ಮುಗಿಸಿ ರಾಚಪ್ಪನವರು ನಮ್ಮ ಮನೆಗೆ ಬಂದರು. ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ ಕಂಪ್ಯೂಟರಿನ ಮುಂದೆ ಕೂತರು. ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ನಾನು ಕಿತ್ತ ಸಾಫ್ಟ್‌ವೇರ್ ತಾನು ಹೋಗುವಾಗ ಎರಡು ಸಾಲುಗಳನ್ನು ಬಿಟ್ಟುಹೋಗಿತ್ತು. ಡ್ರೈವ್‌ನ ಹತ್ತಿರ ಯಾರೇ ಹೋಗಬೇಕಾದರೂ ಮೊದಲು ನನ್ನನ್ನು ಕೇಳಿಕೊಂಡು ಹೋಗಿ ಎಂಬ ಅರ್ಥದ ಸಾಲುಗಳು. ಕೇಳೋಣವೆಂದರೆ ಕೇಳಿಸಿಕೊಳ್ಳುವವನು ಇಲ್ಲ. ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತಿತ್ತು. ರಾಚಪ್ಪನವರು ಅದರ ಒಳಗಿನ ದಫ್ತರ ತೆರೆದು, ಮೊದಲು ಅದಕ್ಕೊಂದು ನಕಲು ತೆಗೆದಿಟ್ಟುಕೊಂಡು, ಆ ಎರಡು ಸಾಲುಗಳನ್ನು ಹುಡುಕಿ ಅಳಿಸಿದರು. ಆಫ್ ಮಾಡಿ ಆನ್ ಮಾಡಿದರು. ಪರದೆಯ ಮೇಲೆ ಎರಡೂ ಡ್ರೈವ್‌ಗಳು ಏನೂ ನಡೆದೇ ಇಲ್ಲವೆಂಬಂತೆ ಬಂದು ಕೂತವು. ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಅವಮಾನವಾಯಿತು. ಮೂರು ದಿನ ಯಾರ್ಯಾರ ಮೇಲೋ ಹರಿಹಾಯ್ದಿದ್ದೆನಲ್ಲ!

ಹಾಡು ಶುರುವಾಯಿತು. ಅತ್ತೆಯ ದನಿ ಮನೆ ತುಂಬಿತು. ಸ್ವಲ್ಪ ಒರಟು, ಸ್ವಲ್ಪ ಗರ್ವ, ಯಾರಿಗೂ ಕಾಯದ ದನಿ. ಅತ್ತೆ ನೆಲದ ಮೇಲೆ ಅಲುಗದೆ ಕೂತಿದ್ದಳು. ಕತ್ತಿನ ಬಿಳೀ ಬಟ್ಟೆ ಮಾತ್ರ ಉಸಿರಿಗೆ ಮೇಲೆ ಕೆಳಗೆ ಆಡುತ್ತಿತ್ತು. ಕೊನೆಯದು ಹೆಣ್ಣೊಪ್ಪಿಸುವ ಹಾಡು. ನಮ್ಮ ಮಗಳಿಗೆ ಕೆಲಸ ಗೊತ್ತಿಲ್ಲ, ಮುದ್ದಾಗಿ ಬೆಳೆದವಳು, ತಪ್ಪು ಮಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಗಂಡಿನವರನ್ನು ಬೇಡಿಕೊಳ್ಳುವ ಹಾಡು. ಅತ್ತೆ ನನ್ನ ಮಂಡಿ ಮುಟ್ಟಿ, ಇದೇ, ಇದೇ ಎಂದು ಬೆರಳು ತೋರಿಸಿದಳು. ಹಾಡು ಬೇಡುತ್ತ ಬೇಡುತ್ತ ಒಂದು ತಿರುವಿಗೆ ಬಂದು ರಾಗ ಏರಿತು. ಅಷ್ಟರಲ್ಲಿ ಇನ್ನೊಂದು ದನಿ, ಹರಿತವಾಗಿ, ಹತ್ತಿರದಿಂದ:

"ಸಾಕ್ ನಿಲ್ಸತ್ತೆ! ಎಷ್ಟೊತ್ ಎಳೀತೀಯ? ಬಸ್ಸು ಕಾಯ್ತಾ ನಿಂತದೆ, ಎಲ್ಲಾರ್ಗೂ ಹೊತ್ತಾಯ್ತದೆ."

ಹಾಡು ಕತ್ತರಿಸಿದಂತೆ ನಿಂತಿತು. ಆಮೇಲೆ ಬರೀ ಗದ್ದಲ. ಆಮೇಲೆ ಅದೂ ಇಲ್ಲ.

ಆ ದನಿ ನನ್ನದು.

ನನಗೆ ನೆನಪೇ ಇರಲಿಲ್ಲ. ಮೈಕ್‌ಸೆಟ್‌ನವನ ಮೇಲೆ ರೇಗಿ ಅರ್ಧ ಮೈಲಿ ನಡೆದುಹೋದವಳು ಅವತ್ತು ನನ್ನ ಮಾತಿಗೆ ಸುಮ್ಮನೆ ಎದ್ದಿದ್ದಳು. ತಾನು ಸಾಕಿದ ಕೂಸಲ್ಲವೇ ಎಂದೋ ಏನೋ. ರಾಚಪ್ಪನವರು ಗೋಡೆ ನೋಡತೊಡಗಿದರು. ಯಜಮಾನರು ಎದ್ದು ನೀರು ತರಲು ಹೋದರು. ನನಗೆ ಬಂದ ಕೋಪಕ್ಕೆ ಈ ಸಲ ಹೊಡೆಯಲು ಯಾವ ಡಬ್ಬವೂ ಇರಲಿಲ್ಲ. "ನಾನೇ ಅತ್ತೆ, ನಾನೇ ನಿಲ್ಸಿದ್ದು" ಎಂದೆ. ಅವಳು ತಲೆಯಾಡಿಸಿದಳು. ಅವಳಿಗೆ ಗೊತ್ತಿತ್ತು, ಮೊದಲಿನಿಂದಲೂ. ಅಳುತ್ತಿದ್ದ ನನ್ನ ಮುಖವನ್ನು ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತನ್ನ ತುಟಿಯನ್ನು ಬೆರಳಿನಿಂದ ತೋರಿಸಿ, ಮೆಲ್ಲಗೆ ತುಟಿಯಾಡಿಸತೊಡಗಿದಳು. ಹಾಡಿನ ಉಳಿದರ್ಧ ಶುರುವಾಗಿತ್ತು.

ನಾನು ನೋಟುಬುಕ್ಕು ತಂದೆ. ಗುರುವಾರ, ಶುಕ್ರವಾರ, ಶನಿವಾರ, ಆಫೀಸಿನಿಂದ ಬಂದ ತಕ್ಷಣ ಅದೇ ಕೆಲಸ. ಅವಳು ತುಟಿಯಾಡಿಸುವುದು, ನಾನು ಊಹಿಸಿ ಹೇಳುವುದು, ತಪ್ಪಾದರೆ ಚಪ್ಪಾಳೆ. ಧಾಟಿಯನ್ನು ಸಿ.ಡಿ.ಯ ಮೊದಲರ್ಧದಿಂದಲೇ ಹಿಡಿದುಕೊಂಡೆ. ತುಟಿಯ ಮೇಲೆ ಬಕಾರ ಮಕಾರ ಎರಡೂ ಒಂದೇ ಎಂಬುದು ನಿಮಗೆ ಗೊತ್ತೇ? ನಾನು "ಭಾವ" ಎಂದು ಹೇಳಿದಲ್ಲೆಲ್ಲ ಅವಳು ಹಣೆ ಚಚ್ಚಿಕೊಂಡು, ಮೀಸೆ ತಿರುವಿ, ಊರುಗೋಲು ಊರಿಕೊಂಡು ಮನೆಯೆಲ್ಲ ನಡೆದು ತೋರಿಸಿದಳು. "ಮಾವ!" ಎಂದು ಯಜಮಾನರು ಅಡುಗೆಮನೆಯಿಂದ ಕೂಗಿದರು. ಇಪ್ಪತ್ತು ವರ್ಷದಲ್ಲಿ ಅವರಾಡಿದ ಅತ್ಯುತ್ತಮ ಮಾತು ಅದು.

ಸಾಲುಗಳು ಕೂಡಿಕೊಳ್ಳುತ್ತ ಹೋದಂತೆ ನಾನು ಬೆರಗಾದೆ. ಆ ತಿರುವಿನವರೆಗೆ ಬೇಡಿಕೆಯಾಗಿದ್ದ ಹಾಡು ಅಲ್ಲಿಂದ ಬೈಗುಳವಾಗುತ್ತದೆ. ಮಾವನೇ, ಹುಡುಗಿಗೆ ಹೊಟ್ಟೆ ತುಂಬಾ ಇಕ್ಕು, ಅಳತೆ ಮಾಡಿ ಇಕ್ಕಬೇಡ. ಅತ್ತೆಯೇ, ಬಾವಿಯ ಹಗ್ಗ ಅವಳ ಕೈಗೇ ಕೊಟ್ಟು ನೀನು ನೆರಳಲ್ಲಿ ಕೂರಬೇಡ. ಅವಳ ಕಣ್ಣಲ್ಲಿ ನೀರು ಬಂತೆಂದು ಕೇಳಿದರೆ ನಾವು ಸುಮ್ಮನಿರುವ ಪೈಕಿಯಲ್ಲ, ಗಾಡಿ ಕಟ್ಟಿಕೊಂಡು ಬಂದೇವು, ನಿಮ್ಮ ಹಟ್ಟಿಯ ಮುಂದೆ ನಿಂತು ಕೇಳೇವು. ನಾನು ಉಳಿಸಿಕೊಂಡಿದ್ದದ್ದು ಬರೀ ಬೇಡಿಕೆ. ಕತ್ತರಿಸಿ ಎಸೆದದ್ದು ಈ ತಾಕತ್ತನ್ನು. ಅತ್ತೆ ಬಸ್ಸು ಹಿಡಿದು ಬಂದದ್ದು ಯಾವ ಅರ್ಧಕ್ಕೆ ಎಂದು ಆಗ ತಿಳಿಯಿತು.

ಭಾನುವಾರ ಧಾರೆ ಮುಗಿದು ಹೆಣ್ಣೊಪ್ಪಿಸುವ ಹೊತ್ತಿಗೆ ಡಿಜೆಯವನು ಪೆಟ್ಟಿಗೆ ಸರಿಮಾಡುತ್ತಿದ್ದ. ನಾನು ಹೋಗಿ, "ಹತ್ತು ನಿಮಿಷ ಮುಟ್ಟಬೇಡಪ್ಪ" ಎಂದೆ. ನನ್ನ ಮುಖದಲ್ಲಿ ಏನು ಕಂಡನೋ, ವೈರನ್ನೇ ಕಿತ್ತುಬಿಟ್ಟ. ಮೊಬೈಲಿಗೆ ಹಾಕಿಕೊಂಡಿದ್ದ ಅತ್ತೆಯ ಹಾಡನ್ನು ಭವನದ ಮೈಕಿಗೆ ಹಿಡಿದೆ. ಹೊನ್ನೂರಿನ ಹೆಂಗಸರು ಊಟದ ಪಂಕ್ತಿ ಬಿಟ್ಟು ಎದ್ದುಬಂದರು. ಬಸವರಾಜು ಅವ್ವನ ಹತ್ತಿರ ಬಂದು, ಈ ಸಲ ಕೂಗದೆ, "ಅವ್ವಾ" ಎಂದಷ್ಟೇ ಅಂದು ಪಕ್ಕದಲ್ಲಿ ಕೂತ. ತಿರುವು ಬಂದಾಗ ನನ್ನ ಹಳೆಯ ದನಿ ಬರುವ ಮುಂಚೆ ಮೊಬೈಲ್ ನಿಲ್ಲಿಸಿದೆ. ಮುಂದಿನದನ್ನು ನಾನು ಹಿಡಿದೆ.

ನನ್ನ ಗಂಟಲು ಹಾಡುವ ಗಂಟಲಲ್ಲ. ಶ್ರುತಿ ತಪ್ಪಿತು, ಒಂದು ಸಾಲು ಹಾರಿತು. ಆದರೆ ಅತ್ತೆ ಎದುರಿಗೆ ಕೂತು ತುಟಿಯಾಡಿಸುತ್ತಿದ್ದಳು, ಅದನ್ನೇ ನೋಡಿಕೊಂಡು ಹಾಡಿದೆ. ಮಾವನಿಗೆ ಬೈಯುವ ಜಾಗದಲ್ಲಿ ಹೊನ್ನೂರಿನ ಹೆಂಗಸರು ಸೊಲ್ಲು ಹಿಡಿದು ಗಟ್ಟಿಯಾಗಿ ಎತ್ತಿದರು. ಬಂಡಳ್ಳಿಯ ಮಾವ ನಕ್ಕು, ಮೀಸೆ ಮುಟ್ಟಿಕೊಂಡು, ಕೈಮುಗಿದ. ಸವಿತಾ ಅಳುತ್ತಿದ್ದವಳು ತಲೆಯೆತ್ತಿದಳು.

ಹಾಡು ಮುಗಿದ ಮೇಲೆ ಬಂಡಳ್ಳಿಯ ಕಡೆಯ ಒಬ್ಬ ಅಜ್ಜಿ ಎದ್ದುಬಂದು ನನ್ನ ಕೈ ಹಿಡಿದುಕೊಂಡಳು.

"ಇಂಥದ್ನ ಕೇಳಿ ಏಟ್ ವರ್ಸ ಆಗಿತ್ತವ್ವ! ಇನ್ನೊಂದ್ ಪದ ಏಳವ್ವ."

"ನಂಗೆ ಬರೋದು ಇಷ್ಟೇ ಕನಜ್ಜಿ" ಎಂದೆ.

ಪಕ್ಕದಲ್ಲಿ ಚಪ್ಪಾಳೆ ಕೇಳಿಸಿತು. ತಿರುಗಿದೆ. ಅತ್ತೆ ಸಿಟ್ಟಿನಿಂದ ನನ್ನನ್ನೇ ನೋಡುತ್ತಿದ್ದಳು. ಎರಡೂ ಕೈ ಮೇಲೆತ್ತಿ ಹತ್ತು ಬೆರಳು ಬಿಚ್ಚಿ ತೋರಿಸಿದಳು. ಮುಚ್ಚಿದಳು. ಮತ್ತೆ ಬಿಚ್ಚಿದಳು. ಮತ್ತೆ ಮುಚ್ಚಿದಳು. ಇನ್ನೆಷ್ಟು ಹಾಡುಗಳು ಅವಳೊಳಗೇ ಉಳಿದಿವೆ ಎಂದು ಲೆಕ್ಕ ಹೇಳುತ್ತಿದ್ದಳು. ಈ ಮೂರು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಅವಳ ಹತ್ತಿರ ಅದನ್ನು ಕೇಳಿರಲಿಲ್ಲ. ನಾನು ಎಣಿಸುತ್ತ ಹೋದೆ. ಏಳನೆಯ ಸಲ ಅವಳ ಬೆರಳುಗಳು ಬಿಚ್ಚಿಕೊಂಡಾಗ ಎಣಿಸುವುದನ್ನು ಬಿಟ್ಟು, ಚೀಲದಲ್ಲಿ ಪೆನ್ನು ಹುಡುಕತೊಡಗಿದೆ.